ಅಮೆರಿಕದ ಕೌಂಟಿಯೊಂದರ ಜನಾಂಗವಾರು ಅಂಕಿಗಳನ್ನು ಓದುವ ಕ್ರಮ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ 2010ರ ಜನಗಣತಿಯ ಪ್ರಕಾರ ಬಿಳಿಯರು ಎಷ್ಟಿದ್ದರು ಎಂದು ಕೇಳಿದರೆ ಶೇಕಡಾ 47 ಎಂಬ ಉತ್ತರವೂ ಸರಿ, ಶೇಕಡಾ 35.2 ಎಂಬ ಉತ್ತರವೂ ಸರಿ. ಎರಡೂ ಒಂದೇ ಗಣತಿಯಲ್ಲಿ, ಅದೇ ಜನ ತುಂಬಿಕೊಟ್ಟ ನಮೂನೆಗಳಿಂದ ಬಂದವು. ಈ ಅಂತರ ಎಲ್ಲಿಂದ ಬಂತೆಂದು ತಿಳಿಯದೆ ಯಾವುದೋ ಒಂದನ್ನು ಎತ್ತಿಕೊಂಡು ಬರೆದರೆ ಆ ಊರಿನ ಚಿತ್ರವೇ ಬದಲಾಗಿಬಿಡುತ್ತದೆ. ಸ್ಯಾನ್ ಹೊಸೆ, ಸನಿವೇಲ್, ಕ್ಯುಪರ್ಟಿನೊ, ಮಿಲ್ಪಿಟಾಸ್ ಮುಂತಾದ ಊರುಗಳನ್ನೊಳಗೊಂಡ ಈ ಕೌಂಟಿಯಲ್ಲಿ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳನ್ನು ತರಿಸಿರೆಂದು ಮನವಿ ಬರೆಯುವವರಿಗೂ, ಶಾಲಾ ಮಂಡಳಿಯ ಮುಂದೆ ಮಾತನಾಡುವವರಿಗೂ ಇಂಥ ಅಂಕಿಗಳು ಬೇಕಾಗುತ್ತವೆ. ಆದ್ದರಿಂದ ಇದೇ ಕೌಂಟಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಮೊದಲು ಗಡಿಯನ್ನು ಖಚಿತಪಡಿಸಿಕೊಳ್ಳಬೇಕು. ಕೌಂಟಿ ಎಂದರೆ ರಾಜ್ಯದ ಆಡಳಿತ ವಿಭಾಗ, ಬಹುಮಟ್ಟಿಗೆ ನಮ್ಮ ಜಿಲ್ಲೆಯಂತೆ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 58 ಇವೆ. ಭಾರತೀಯರು ಹೆಚ್ಚಾಗಿರುವ ಫ್ರೀಮಾಂಟ್ ನಗರ ಪಕ್ಕದಲ್ಲೇ ಇದ್ದರೂ ಅದು ಅಲಮೀಡಾ ಕೌಂಟಿಗೆ ಸೇರಿದ್ದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಇಡೀ ಪ್ರದೇಶವನ್ನು 'ಬೇ ಏರಿಯಾ' ಎಂದು ಸಡಿಲವಾಗಿ ಮಾತನಾಡುವ ಅಭ್ಯಾಸವಿರುವವರು ಇಲ್ಲೇ ಎಡವುತ್ತಾರೆ. ಪ್ರತಿ ಕೌಂಟಿಗೂ ಐದು ಅಂಕೆಗಳ ಸಂಕೇತವೊಂದಿದ್ದು, ಸಾಂಟಾ ಕ್ಲಾರಾಕ್ಕೆ 06085 ಎಂದಿದೆ. ಸಾಂಟಾ ಕ್ಲಾರಾ ಎಂಬ ಹೆಸರಿನ ನಗರವೂ ಇದೇ ಕೌಂಟಿಯೊಳಗೆ ಇರುವುದರಿಂದ, ಹೆಸರಿಗಿಂತ ಈ ಸಂಕೇತವನ್ನು ನಂಬುವುದೇ ಲೇಸು.

ಅಂಕಿಗಳು ಅಮೆರಿಕದ ಸೆನ್ಸಸ್ ಬ್ಯೂರೋದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ಆದರೆ ಅವುಗಳಿಗೆ ಎರಡು ಬೇರೆ ಬೇರೆ ಮೂಲಗಳಿವೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯು ಎಲ್ಲರನ್ನೂ ಎಣಿಸಲು ಯತ್ನಿಸುತ್ತದೆ. ಇತ್ತೀಚಿನದು 2020ರ ಏಪ್ರಿಲ್ 1ರ ಸ್ಥಿತಿಯನ್ನು ಹೇಳುತ್ತದೆ. ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಇನ್ನೊಂದು ಮೂಲವು ವರ್ಷವಿಡೀ ನಡೆಯುವ ಮಾದರಿ ಸಮೀಕ್ಷೆಯಾಗಿದ್ದು, ಅದರ ಒಂದು ವರ್ಷದ ಅಂದಾಜುಗಳು 65,000ಕ್ಕಿಂತ ಕಡಿಮೆ ಜನರಿರುವ ಪ್ರದೇಶಗಳಿಗೆ ಪ್ರಕಟವಾಗುವುದಿಲ್ಲ. ಸಣ್ಣ ಕೌಂಟಿಗಳಿಗೆ ಐದು ವರ್ಷಗಳ ಒಟ್ಟು ಅಂದಾಜನ್ನೇ ಬಳಸಬೇಕು. ಎಷ್ಟು ಮಂದಿ, ಯಾವ ಜನಾಂಗದವರು ಎಂಬುದಕ್ಕೆ ಜನಗಣತಿ ಸಾಕು. ಮನೆಯಲ್ಲಿ ಆಡುವ ಭಾಷೆಯನ್ನು ತಿಳಿಯಲು ಮಾತ್ರ ಸಮೀಕ್ಷೆಗೇ ಹೋಗಬೇಕು.

ಈಗ ಮೊದಲು ಹೇಳಿದ ಅಂತರಕ್ಕೆ ಬರೋಣ. ಜನಗಣತಿಯ ನಮೂನೆಯಲ್ಲಿ ಎರಡು ಪ್ರತ್ಯೇಕ ಪ್ರಶ್ನೆಗಳಿದ್ದವು. ಒಂದು, ನೀವು ಹಿಸ್ಪ್ಯಾನಿಕ್ ಅಥವಾ ಲಟೀನೊ, ಅಂದರೆ ಮೆಕ್ಸಿಕೊದಂಥ ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದವರೇ ಎಂಬುದು, ಇನ್ನೊಂದು ನಿಮ್ಮ ಜನಾಂಗ ಯಾವುದು ಎಂಬುದು. ಮೊದಲನೆಯದು ಜನಾಂಗವಲ್ಲ. ಮೆಕ್ಸಿಕೊ ಮೂಲದ ಒಬ್ಬರು ಜನಾಂಗದ ಪ್ರಶ್ನೆಗೆ ಬಿಳಿಯರೆಂದೋ, ಕಪ್ಪುವರ್ಣೀಯರೆಂದೋ, ಮೂಲನಿವಾಸಿಗಳೆಂದೋ, 'ಬೇರೆ ಯಾವುದೋ ಜನಾಂಗ' ಎಂದೋ ಉತ್ತರಿಸಬಹುದು. 1997ರಲ್ಲಿ ನಿಗದಿಯಾಗಿ ಈ ಗಣತಿಗಳಿಗೆ ಅನ್ವಯಿಸಿದ ನಿಯಮದಂತೆ ಕನಿಷ್ಠ ಐದು ಜನಾಂಗ ವರ್ಗಗಳಿರಬೇಕಿತ್ತು: ಬಿಳಿಯರು, ಕಪ್ಪುವರ್ಣೀಯರು, ಅಮೆರಿಕನ್ ಇಂಡಿಯನ್ ಹಾಗೂ ಅಲಾಸ್ಕಾ ಮೂಲನಿವಾಸಿಗಳು, ಏಷ್ಯನ್ನರು, ಹವಾಯಿ ಮತ್ತು ಪೆಸಿಫಿಕ್ ದ್ವೀಪಗಳವರು. 'ಬೇರೆ ಯಾವುದೋ ಜನಾಂಗ' ಎಂಬುದು ಗಣತಿಗೆಂದು ಸೇರಿದ ಆರನೆಯದು.

ಹಾಗಾಗಿ 2010ರ ಕೇವಲ ಜನಾಂಗದ ಕೋಷ್ಟಕದಲ್ಲಿ ಸಾಂಟಾ ಕ್ಲಾರಾದ 17,81,642 ಜನರಲ್ಲಿ 8,36,616 ಮಂದಿ ಬಿಳಿಯರು, 5,70,524 ಮಂದಿ ಏಷ್ಯನ್ನರು, 2,20,806 ಮಂದಿ ಬೇರೆ ಜನಾಂಗದವರು ಎಂದು ದಾಖಲಾಯಿತು. ಉಳಿದ ವರ್ಗಗಳನ್ನೂ ಕೂಡಿಸಿದರೆ ನೂರಕ್ಕೆ ನೂರು ಸರಿಹೊಂದುತ್ತದೆ. ಇದರ ಜೊತೆಗೆ ಹಿಸ್ಪ್ಯಾನಿಕರ ಶೇಕಡಾ 26.9ನ್ನೂ ಸೇರಿಸಿದರೆ ಮೊತ್ತ 126.9 ಆಗುತ್ತದೆ. ಏಕೆಂದರೆ ಅವರೆಲ್ಲರೂ ಆಗಲೇ ಒಂದಲ್ಲ ಒಂದು ಜನಾಂಗದಲ್ಲಿ ಎಣಿಕೆಯಾಗಿದ್ದಾರೆ. ಹಿಸ್ಪ್ಯಾನಿಕರನ್ನು ಬೇರೆ ಗುಂಪಾಗಿ ತೆಗೆದಿಟ್ಟು, ಉಳಿದವರನ್ನು ಮಾತ್ರ ಜನಾಂಗವಾಗಿ ವಿಂಗಡಿಸಿದಾಗ ಬಿಳಿಯರ ಪಾಲು 35.2ಕ್ಕೆ ಇಳಿಯುತ್ತದೆ. 2020ರ ದತ್ತಾಂಶದಲ್ಲಿ ಮೊದಲ ಬಗೆಯ ಕೋಷ್ಟಕಕ್ಕೆ ಪಿ1 ಎಂದೂ ಎರಡನೆಯದಕ್ಕೆ ಪಿ2 ಎಂದೂ ಹೆಸರಿದೆ. ಒಂದು ಕೌಂಟಿಯ ಜನರನ್ನು ಒಂದೇ ವಾಕ್ಯದಲ್ಲಿ ವಿವರಿಸಬೇಕಾದಾಗ ನನ್ನ ಆಯ್ಕೆ ಯಾವಾಗಲೂ ಪಿ2. ಅದರ ಪ್ರಕಾರ 2020ರಲ್ಲಿ ಇಲ್ಲಿನ 19,36,259 ಜನರಲ್ಲಿ ಏಷ್ಯನ್ನರು ಸುಮಾರು ಶೇಕಡಾ 39, ಬಿಳಿಯರು ಸುಮಾರು 29, ಹಿಸ್ಪ್ಯಾನಿಕರು ಸುಮಾರು 25, ಎರಡು ಅಥವಾ ಹೆಚ್ಚು ಜನಾಂಗ ಹೇಳಿದವರು ಸುಮಾರು 4, ಕಪ್ಪುವರ್ಣೀಯರು ಸುಮಾರು 2.

ಇಲ್ಲಿ ಪಾಲು ಮತ್ತು ಎಣಿಕೆ ಎರಡನ್ನೂ ನೋಡುವುದು ಅಗತ್ಯ. ಹತ್ತು ವರ್ಷಗಳಲ್ಲಿ ಹಿಸ್ಪ್ಯಾನಿಕರ ಪಾಲು 26.9ರಿಂದ ಸುಮಾರು 25ಕ್ಕೆ ಇಳಿಯಿತು. ಆದರೆ ಅವರ ಎಣಿಕೆ 4,79,210ರಿಂದ ಸುಮಾರು 4,87,000ಕ್ಕೆ ಏರಿತು. 'ಕಡಿಮೆಯಾದರು' ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಒಂದೇ ಜನಾಂಗವನ್ನು ಗುರುತಿಸಿದವರು ಮತ್ತು ಅದನ್ನು ಇನ್ನೊಂದರ ಜೊತೆಗೆ ಗುರುತಿಸಿದವರು ಎಂಬ ಭೇದ ಇನ್ನೊಂದು ಸೂಕ್ಷ್ಮ. ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗ ಹೇಳಲು ಅವಕಾಶ ಸಿಕ್ಕಿದ್ದು 2000ದ ಗಣತಿಯಿಂದ. ದೇಶದಾದ್ಯಂತ ಹೀಗೆ ಹೇಳಿಕೊಂಡವರು 2010ರಲ್ಲಿ 90 ಲಕ್ಷ, 2020ರಲ್ಲಿ 3 ಕೋಟಿ 38 ಲಕ್ಷ. ಹತ್ತೇ ವರ್ಷದಲ್ಲಿ ಅಷ್ಟೊಂದು ಮಿಶ್ರ ಸಂತಾನ ಹುಟ್ಟಲಿಲ್ಲ. 2020ರಲ್ಲಿ ಪ್ರಶ್ನೆಯ ವಿನ್ಯಾಸ ಬದಲಾಯಿತು, ಜನ ಬರೆದ ಉತ್ತರಗಳನ್ನು ಮೊದಲಿಗಿಂತ ಹೆಚ್ಚು ವಿವರವಾಗಿ ದಾಖಲಿಸಿ ಸಂಕೇತಗಳಾಗಿ ಪರಿವರ್ತಿಸಲಾಯಿತು. ಏರಿಕೆಯ ದೊಡ್ಡ ಭಾಗ ಬಂದದ್ದು ಅಲ್ಲಿಂದ. ಎರಡು ಗಣತಿಗಳನ್ನು ಹೋಲಿಸುವ ಮೊದಲು ಎರಡರ ನಮೂನೆಗಳನ್ನೂ ಓದಿರೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ನಮ್ಮವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1920, 1930 ಮತ್ತು 1940ರ ಗಣತಿಗಳಲ್ಲಿ ಭಾರತದಿಂದ ಹೋದವರನ್ನು, ಅವರು ಸಿಖ್ಖರಿರಲಿ ಮುಸ್ಲಿಮರಿರಲಿ, 'ಹಿಂದೂ' ಎಂಬ ಜನಾಂಗವಾಗಿ ಬರೆದುಕೊಳ್ಳಲಾಗುತ್ತಿತ್ತು. ಭಾರತೀಯರು ಕಾನೂನಿನ ದೃಷ್ಟಿಯಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ, ಭಾರತದಿಂದ ವಲಸೆ ಹೋಗಿದ್ದ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1970ರ ಗಣತಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿತು. 'ಏಷ್ಯನ್ ಇಂಡಿಯನ್' ಎಂಬ ಆಯ್ಕೆ ಬಂದದ್ದು 1980ರಲ್ಲಿ, ಅದೂ ಭಾರತೀಯ ಸಂಘಟನೆಗಳು ಒತ್ತಾಯಿಸಿದ ಮೇಲೆ. ಆದ್ದರಿಂದ 1980ಕ್ಕಿಂತ ಹಿಂದಿನ ಕೌಂಟಿ ಕೋಷ್ಟಕಗಳಲ್ಲಿ ಭಾರತೀಯರ ಬೆಳವಣಿಗೆಯ ಒಂದೇ ಗೆರೆಯನ್ನು ಎಳೆಯಲು ಹೋಗಬಾರದು.

'ಏಷ್ಯನ್' ಎಂಬ ಒಂದೇ ಹಣೆಪಟ್ಟಿಗೆ ತೃಪ್ತರಾಗಲೂ ಬಾರದು. 2010ರಲ್ಲಿ ಸಾಂಟಾ ಕ್ಲಾರಾದ ಜನಸಂಖ್ಯೆಯಲ್ಲಿ ಚೀನೀಯರು ಶೇಕಡಾ 8.6, ವಿಯೆಟ್ನಾಮೀಯರು 7.1, ಭಾರತೀಯರು 6.6, ಫಿಲಿಪಿನೊಗಳು 4.9 ಇದ್ದರು. ಯುದ್ಧದಿಂದ ನಿರಾಶ್ರಿತರಾಗಿ ಬಂದವರೂ ಸಾಫ್ಟ್‌ವೇರ್ ಕೆಲಸಕ್ಕೆ ವೀಸಾ ಪಡೆದು ಬಂದವರೂ ಒಂದೇ ಅಂಕಿಯೊಳಗೆ ಅಡಗಿರುತ್ತಾರೆ. 2020ರ ಗಣತಿಯಿಂದ ಇಂಥ ವಿವರವಾದ ಗುಂಪುಗಳ ಅಂಕಿಗಳು 2023ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಕಡತವಾಗಿ ಪ್ರಕಟವಾದವು. ದೇಶಮಟ್ಟದಲ್ಲಿ 'ಏಷ್ಯನ್ ಇಂಡಿಯನ್' ಎಂದಷ್ಟೇ ಹೇಳಿಕೊಂಡವರು 43,97,737 ಮಂದಿಯಾಗಿ, ಏಷ್ಯನ್ ಗುಂಪುಗಳಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಆ ಕಡತದಿಂದಲೇ ತಿಳಿಯಿತು. ಬೇರೆ ಗುಂಪಿನ ಜೊತೆಗೆ ಹೇಳಿಕೊಂಡವರನ್ನೂ ಸೇರಿಸಿದರೆ ಮೊದಲ ಸ್ಥಾನ ಚೀನೀಯರದೇ.

ಇನ್ನು ಕನ್ನಡಿಗರು. ಭಾರತದ ಜನಗಣತಿ ಮಾತೃಭಾಷೆಯನ್ನೂ ಧರ್ಮವನ್ನೂ ಕೇಳುತ್ತದೆ. ಅಮೆರಿಕದ 2020ರ ಗಣತಿ ಎರಡನ್ನೂ ಕೇಳಲಿಲ್ಲ. ಅಲ್ಲಿ ಕನ್ನಡದ ಸುಳಿವು ಸಿಗುವುದು ಸಮೀಕ್ಷೆಯ ಬಿ16001 ಕೋಷ್ಟಕದಲ್ಲಿ. ಅದರಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು ಇವೆ, ಕನ್ನಡವನ್ನು ಮಲಯಾಳ ಮತ್ತು ಇತರ ದ್ರಾವಿಡ ಭಾಷೆಗಳೊಂದಿಗೆ ಒಟ್ಟಿಗೆ ಸೇರಿಸಲಾಗಿದೆ. ಆ ಸಾಲಿನ ಅಂಕಿಯನ್ನು ಕನ್ನಡಿಗರ ಸಂಖ್ಯೆಯೆಂದು ಯಾರೂ ಬರೆಯದಿರಲಿ. ಅಲ್ಲದೆ ಈ ಪ್ರಶ್ನೆ ಐದು ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಅನ್ವಯಿಸುತ್ತದೆ. ಮನೆಯಲ್ಲಿ ಇಂಗ್ಲಿಷನ್ನಷ್ಟೇ ಆಡುವ ಕನ್ನಡಿಗರ ಮಕ್ಕಳು ಇದರಲ್ಲಿ ಕಾಣಿಸುವುದೇ ಇಲ್ಲ.

ಸಮೀಕ್ಷೆಯ ಪ್ರತಿ ಅಂದಾಜಿನ ಪಕ್ಕದಲ್ಲಿ ದೋಷಮಿತಿ ಇರುತ್ತದೆ. ಒಂದು ಕಾಲ್ಪನಿಕ ಲೆಕ್ಕ ತೆಗೆದುಕೊಳ್ಳೋಣ. ಅಂದಾಜು 6,000 ಇದ್ದು ದೋಷಮಿತಿ 1,500 ಇದ್ದರೆ, ನಿಜವಾದ ಸಂಖ್ಯೆ 4,500ರಿಂದ 7,500ರ ನಡುವೆ ಇದೆಯೆಂದು ಶೇಕಡಾ 90ರ ವಿಶ್ವಾಸದಿಂದ ಹೇಳಬಹುದು. ಇದನ್ನು ಇನ್ನೊಂದು ಅಂದಾಜಿನೊಡನೆ ಹೋಲಿಸುವಾಗ ಎರಡೂ ದೋಷಮಿತಿಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. 1,500 ಮತ್ತು 2,000ಕ್ಕೆ ಅದು 2,500 ಆಗುತ್ತದೆ. ಎರಡು ಅಂದಾಜುಗಳ ವ್ಯತ್ಯಾಸ 2,500ನ್ನು ಮೀರದಿದ್ದರೆ 'ಹೆಚ್ಚಾಯಿತು' ಎನ್ನಲು ಆಧಾರವಿಲ್ಲ. 2015ರಿಂದ 2019ರವರೆಗಿನ ಅಂದಾಜನ್ನು 2016ರಿಂದ 2020ರವರೆಗಿನದರೊಂದಿಗೆ ಹೋಲಿಸುವುದೂ ತಪ್ಪು, ಏಕೆಂದರೆ ನಾಲ್ಕು ವರ್ಷ ಎರಡರಲ್ಲೂ ಸೇರಿವೆ.

ಗಣತಿಯ ಅಂಕಿಗಳೂ ದೋಷರಹಿತವಲ್ಲ. 2020ರ ಎಣಿಕೆಯನ್ನು ಪರಿಶೀಲಿಸಿದ ಸಮೀಕ್ಷೆಯಂತೆ ದೇಶಮಟ್ಟದಲ್ಲಿ ಹಿಸ್ಪ್ಯಾನಿಕರು ಶೇಕಡಾ 4.99ರಷ್ಟು, ಕಪ್ಪುವರ್ಣೀಯರು 3.30ರಷ್ಟು ಕಡಿಮೆ ಎಣಿಕೆಯಾದರು. ಏಷ್ಯನ್ನರು 2.62ರಷ್ಟು ಹೆಚ್ಚು ಎಣಿಕೆಯಾದರು. ಜೊತೆಗೆ, ವ್ಯಕ್ತಿಗಳ ಗುರುತು ಬಯಲಾಗದಿರಲೆಂದು ರಾಜ್ಯಕ್ಕಿಂತ ಕೆಳಗಿನ ಅಂಕಿಗಳಲ್ಲಿ ಬ್ಯೂರೋ ಉದ್ದೇಶಪೂರ್ವಕವಾಗಿ ಸಣ್ಣ ಏರುಪೇರು ಮಾಡಿದೆ. ಇಡೀ ಕೌಂಟಿಯ ಮಟ್ಟದಲ್ಲಿ ಅದು ಅಷ್ಟಾಗಿ ಬಾಧಿಸದು, ಒಂದು ಬೀದಿಯ ಮಟ್ಟಕ್ಕೆ ಇಳಿದರೆ ಮಾತ್ರ ಆ ಅಂಕಿಯನ್ನು ನೆಚ್ಚುವಂತಿಲ್ಲ.

ಕೊನೆಗೆ ಅಂಕಿಯನ್ನು ಬರೆಯುವಾಗ ವರ್ಷ, ಮೂಲ, ಕೋಷ್ಟಕ, ವರ್ಗದ ವ್ಯಾಖ್ಯೆ ನಾಲ್ಕೂ ಅದರ ಜೊತೆಗೇ ಇರಬೇಕು. ಮನವಿಯ ವಾಕ್ಯವನ್ನು ಹೀಗೆ ಬರೆಯಬಹುದು: "2020ರ ಜನಗಣತಿಯ ಪಿ2 ಕೋಷ್ಟಕದ ಪ್ರಕಾರ, ಸಾಂಟಾ ಕ್ಲಾರಾ ಕೌಂಟಿಯ 19,36,259 ನಿವಾಸಿಗಳಲ್ಲಿ ಸುಮಾರು ಶೇಕಡಾ 39 ಮಂದಿ ಹಿಸ್ಪ್ಯಾನಿಕ್ ಮೂಲದವರಲ್ಲದ, ಏಷ್ಯನ್ ಎಂಬ ಒಂದೇ ಜನಾಂಗವನ್ನು ಗುರುತಿಸಿದವರು."