ಹೊರಟ ಜಾಗಕ್ಕೇ ಮರಳಿತು, ಆದರೂ ದಾರಿ ತಪ್ಪಿತ್ತು

ನೀರಿನೊಳಗೆ ಜಿಪಿಎಸ್ ಸಿಗುವುದಿಲ್ಲ. ಮುಳುಗಿದ ರೋಬೋಟ್ ತಾನು ಎಲ್ಲಿದ್ದೇನೆ ಅಂತ ತಾನೇ ಲೆಕ್ಕ ಹಾಕಿಕೊಳ್ಳಬೇಕು. ನಮ್ಮದರಲ್ಲಿ ವೇಗಕ್ಕೆ ಡಿವಿಎಲ್ ಇದೆ. ಅದು ನಾಲ್ಕು ಓರೆ ದಿಕ್ಕಿಗೆ ಶಬ್ದ ಕಳಿಸುತ್ತದೆ, ತಳದಿಂದ ಮರಳುವ ದನಿಯ ಡಾಪ್ಲರ್ ವ್ಯತ್ಯಾಸ ನೋಡಿ ವೇಗ ಹೇಳುತ್ತದೆ. ದಿಕ್ಕಿಗೆ ಐಎಂಯು, ಅಂದರೆ ತಿರುಗುವಿಕೆ ಅಳೆಯುವ ಸೆನ್ಸರ್‌ಗಳ ಪೆಟ್ಟಿಗೆ, ದಿಕ್ಸೂಚಿಯೂ ಅದರಲ್ಲೇ. ಆಳಕ್ಕೆ ಒತ್ತಡದ ಸೆನ್ಸರ್, ಅದರಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ಎಲ್ಲವನ್ನೂ ಕೂಡಿಸಿ ಜಾಗ ಅಂದಾಜು ಮಾಡುವುದು ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನ.

ಮೊದಲ ಪರೀಕ್ಷೆ ಸಿಹಿನೀರಿನಲ್ಲಿ. 400 ಮೀಟರ್ ನೇರ ಹೋಗಿ ವಾಪಸ್ ಬಾ ಅಂತ ಕಳಿಸಿದೆ. ಹೊರಟಲ್ಲಿಗೇ ಬಂದು ಮೇಲೆದ್ದಿತು. ತುಂಬಾ ಖುಷಿಯಾಯಿತು. ಆದರೆ ಆ ತುದಿಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದ ಕಲ್ಲು, ಶಬ್ದದ ಪ್ರತಿಧ್ವನಿಯಿಂದ ಮೂಡುವ ಸೋನಾರ್ ಚಿತ್ರದಲ್ಲಿ ಇರಲೇ ಇಲ್ಲ.

ಮರುದಿನ ಆ ತುದಿಯಲ್ಲೇ ಮೇಲೆ ಬರಿಸಿ ಜಿಪಿಎಸ್ ನೋಡಿದೆ. ಹತ್ತು ಮೀಟರ್ ಎಡಕ್ಕೆ ಸರಿದಿತ್ತು, ಐದು ಮೀಟರ್ ಹಿಂದೆಯೇ ನಿಂತಿತ್ತು.

ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಅದರ ಒಂದು ತುದಿಗೆ ಗುಂಡುಪಿನ್ ಚುಚ್ಚಿ ಹಾಳೆಯನ್ನು ಸ್ವಲ್ಪ ತಿರುಗಿಸಿ. ಪಿನ್ ಇರುವ ತುದಿ ಅಲ್ಲೇ ಇರುತ್ತೆ, ಇನ್ನೊಂದು ತುದಿ ಸರಿಯುತ್ತೆ, ಅಲ್ವಾ? ನಮಗೂ ಆಗಿದ್ದು ಅದೇ. ಡಿವಿಎಲ್ ಕೂರಿಸಿದ ಬ್ರಾಕೆಟ್ ಐಎಂಯುಗೆ ಹೋಲಿಸಿದರೆ ಒಂದೂವರೆ ಡಿಗ್ರಿ ತಿರುಗಿತ್ತು. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ 400 ಮೀಟರಿಗೆ ಹತ್ತು ಮೀಟರ್ ತಪ್ಪು. ಹೋಗುವಾಗ ಆದ ತಪ್ಪು ಬರುವಾಗ ಅಷ್ಟೇ ಅಳಿದುಹೋಗುತ್ತದೆ.

ಹಿಂದೆ ನಿಂತಿದ್ದಕ್ಕೆ ಕಾರಣ ಬೇರೆ. ಡಿವಿಎಲ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಅಂತ ಇತ್ತು. 20 ಡಿಗ್ರಿ ಸಿಹಿನೀರಿನಲ್ಲಿ ಅದು ಸುಮಾರು 1482. ರೋಬೋಟ್ ತಾನು ನಿಜಕ್ಕಿಂತ ಜಾಸ್ತಿ ದೂರ ಬಂದೆ ಅಂದುಕೊಂಡಿತು. ಹೋಗಿ ಬರುವ ಪರೀಕ್ಷೆಯಲ್ಲಿ ಇದೂ ಅಡಗುತ್ತದೆ.

ಈಗ ನಾನು ಉದ್ದನೆಯ ನೇರ ಓಟ ಮಾಡಿಸಿ, ಎರಡೂ ತುದಿಯಲ್ಲಿ ಜಿಪಿಎಸ್ ತೆಗೆದುಕೊಂಡು, ರೋಬೋಟಿನ ಲೆಕ್ಕದ ಜೊತೆ ಹೋಲಿಸುತ್ತೇನೆ. ಓಟ ಉದ್ದ ಇರಲೇಬೇಕು. ಜಿಪಿಎಸ್‌ನಲ್ಲೇ ಒಂದೆರಡು ಮೀಟರ್ ಆಚೀಚೆ ಇರುತ್ತದಲ್ಲ, ಓಟ ಚಿಕ್ಕದಾದರೆ ಎರಡು ದಾರಿಗಳ ನಡುವಿನ ಕೋನದ ಲೆಕ್ಕವನ್ನು ನಂಬುವಂತಿಲ್ಲ. ಅದೇ ಓಟವನ್ನು ಬೇರೆ ದಿಕ್ಕುಗಳಲ್ಲೂ ಮಾಡಿಸುತ್ತೇನೆ. ಎಲ್ಲ ದಿಕ್ಕಿನಲ್ಲೂ ಕೋನ ಒಂದೇ ಬಂದರೆ ಬ್ರಾಕೆಟ್ ತಪ್ಪು. ದಿಕ್ಕಿಗೆ ತಕ್ಕಂತೆ ಬದಲಾದರೆ ದಿಕ್ಸೂಚಿಯ ಹತ್ತಿರದ ಕಬ್ಬಿಣವನ್ನೋ ಮೋಟಾರಿನ ತಂತಿಯನ್ನೋ ಹುಡುಕಬೇಕು.

ಎರಡನ್ನೂ ಸರಿಪಡಿಸಿ ಮತ್ತೆ ಕಳಿಸಿದೆ. ಈ ಸಲ ಸೋನಾರ್ ಚಿತ್ರದ ನಡುವೆ ಕಲ್ಲು ಬೆಳ್ಳಗೆ ಹೊಳೆಯಿತು, ಅದರ ಹಿಂದೆ ಉದ್ದನೆಯ ಕಪ್ಪು ನೆರಳು.