ಮೋಟರ್ ಖಾಲಿ ಓಡಬಾರದು: ‘ರನ್’ ಪದದೊಂದಿಗೆ ನನ್ನ ಅನುಭವ

ಅನುವಾದದ ಕೆಲಸಕ್ಕೆ ಇಳಿದ ಎರಡನೆಯ ವರ್ಷ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪ್‌ನ ಜೊತೆಗೆ ಕೊಡುವ ಹದಿನಾರು ಪುಟದ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿತ್ತು. ಅದರ ಮೂರನೆಯ ಪುಟದಲ್ಲಿ ದಪ್ಪಕ್ಷರದ ಒಂದು ಎಚ್ಚರಿಕೆ ಇತ್ತು: ಪಂಪನ್ನು ‘ಡ್ರೈ ರನ್’ ಮಾಡಬೇಡಿ. ಅದಕ್ಕೂ ಮೊದಲು ನಾನು ಮಾಡಿದ್ದು ಸಾಫ್ಟ್‌ವೇರ್ ತರಬೇತಿಯ ಪಾಠಗಳ ಅನುವಾದ. ಅಲ್ಲಿ ‘ಡ್ರೈ ರನ್’ ಎಂದರೆ ನಿಜವಾದ ಕೆಲಸಕ್ಕೆ ಮುಂಚೆ ಮಾಡಿ ನೋಡುವ ತಾಲೀಮು. ಹಾಗಾಗಿ ಎರಡನೆಯ ಯೋಚನೆಯಿಲ್ಲದೆ ‘ಪಂಪ್‌ನ ಪೂರ್ವಪರೀಕ್ಷೆ ಮಾಡಬೇಡಿ’ ಎಂದು ಬರೆದೆ.

ಅಚ್ಚಿಗೆ ಹೋಗುವ ಮೊದಲು ಕರಡನ್ನು ಪಂಪ್ ದುರಸ್ತಿ ಮಾಡುವ ಒಬ್ಬ ಮೆಕ್ಯಾನಿಕ್‌ಗೆ ಓದಲು ಕೊಟ್ಟಿದ್ದರು. ಅವರು ನನಗೆ ಫೋನ್ ಮಾಡಿದರು. “ಸರ್, ಇಲ್ಲಿ ನೀವು ಬರೆದಿರುವುದು ತಲೆಕೆಳಗಾಗಿದೆ. ಪರೀಕ್ಷೆ ಮಾಡಿಯೇ ಮೋಟರ್ ಇಳಿಸಬೇಕು. ಅವರು ಹೇಳುತ್ತಿರುವುದು ಬೇರೆ. ಬಾವಿಯಲ್ಲಿ ನೀರಿಲ್ಲದಿದ್ದರೆ ಮೋಟರ್ ಖಾಲಿ ಓಡಬಾರದು, ಅಷ್ಟೇ.” ಆಮೇಲೆ ತಾಳ್ಮೆಯಿಂದ ವಿವರಿಸಿದರು. ಆ ಮೋಟರನ್ನು ತಂಪಾಗಿಡುವುದು ಸುತ್ತಲಿನ ನೀರು. ಪಂಪ್‌ನೊಳಗಿನ ಬುಷ್‌ಗಳು (ತಿರುಗುವ ದಂಡವನ್ನು ಹಿಡಿದಿಡುವ ಬಳೆಗಳು) ಸವೆಯದಂತೆ ಎಣ್ಣೆಯ ಕೆಲಸ ಮಾಡುವುದೂ ಅದೇ ನೀರು. ನೀರು ಕೆಳಗಿಳಿದ ಮೇಲೂ ಮೋಟರ್ ತಿರುಗುತ್ತಲೇ ಇದ್ದರೆ ಬುಷ್ ತಿಂದುಹೋಗುತ್ತದೆ, ಕೊನೆಗೆ ವೈಂಡಿಂಗ್, ಅಂದರೆ ಮೋಟರಿನೊಳಗಿನ ತಂತಿಯ ಸುರುಳಿ, ಸುಡುತ್ತದೆ. ಹೊಲದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ‘ಡ್ರೈ ರನ್’ ತಡೆಯುವ ಸಾಧನ ಕೂರಿಸುವುದು ಇದಕ್ಕಾಗಿಯೇ. ಮೋಟರ್ ಎಳೆಯುವ ಕರೆಂಟ್ ಕಡಿಮೆಯಾದರೆ ಅದು ತಾನಾಗಿ ನಿಲ್ಲಿಸುತ್ತದೆ.

ನನ್ನ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆದರೆ ಅದನ್ನು ನಂಬಿ ನಡೆದ ರೈತ ನೂರಾರು ಅಡಿ ಆಳದಿಂದ ಪೈಪು ಎತ್ತಿಸಿ, ಆಳು ಕರೆಸಿ, ಮೋಟರನ್ನು ರೀವೈಂಡಿಂಗ್ ಅಂಗಡಿಗೆ ಹೊರಬೇಕಾಗುತ್ತಿತ್ತು. ಬೇಸಿಗೆಯಲ್ಲಿ ಅಷ್ಟು ದಿನ ನೀರಿಲ್ಲದಿದ್ದರೆ ಬೆಳೆ ಏನಾಗುತ್ತದೆ ಎಂಬುದು ಒಕ್ಕಲುತನದ ಮನೆಯಲ್ಲಿ ಬೆಳೆದ ನನಗೆ ಗೊತ್ತು. ಆ ರಾತ್ರಿ ನಾನು ‘ರನ್’ ಪದವನ್ನು ಸರಿಯಾಗಿ ಕಲಿಯಲು ಕುಳಿತೆ.

ಮೂರಕ್ಷರದ ಈ ಇಂಗ್ಲಿಷ್ ಪದ ಎಷ್ಟು ದೊಡ್ಡದೆಂಬುದು ಆಗ ತಿಳಿಯಿತು. 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಪದದ್ದು. ಈಗ ನಡೆಯುತ್ತಿರುವ ಪರಿಷ್ಕರಣೆಯಲ್ಲಿ ಆ ಸ್ಥಾನ ‘ರನ್’ಗೆ ಬಂದಿದೆ. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಆ ಒಂದು ಪದವನ್ನು ಬಿಡಿಸಲು ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಶಾಲೆಯಲ್ಲಿ ನಾವು ಅದಕ್ಕೆ ಒಂದೇ ಅರ್ಥ ಕಲಿತಿದ್ದೆವು: ಓಡು.

ಹಳೆಯ ಆಹ್ವಾನಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಚೀಟಿ ಮಾಡಿಕೊಂಡೆ. ಓದುವಾಗ ಎಲ್ಲಿ ‘ರನ್’ ಕಂಡರೂ ಒಂದು ಚೀಟಿ, ಒಂದು ವಾಕ್ಯ. ಮೊದಲು ಅವನ್ನು ಕನ್ನಡ ಅರ್ಥದ ಪ್ರಕಾರ ಜೋಡಿಸಲು ಹೋದೆ. ಓಡು ಎನ್ನುವ ಗುಂಪು, ನಡೆಸು ಎನ್ನುವ ಗುಂಪು, ಹೀಗೆ. ಎರಡು ತಿಂಗಳಲ್ಲಿ ಅದು ಕೆಟ್ಟಿತು. ಯಾವ ಚೀಟಿ ಎಲ್ಲಿಗೆ ಎಂದು ತಿಳಿಯಲು ಅರ್ಥ ಮೊದಲೇ ಗೊತ್ತಿರಬೇಕಾಗಿತ್ತು, ನನಗೆ ಗೊತ್ತಿಲ್ಲದಿದ್ದುದೇ ಅದು. ಆಮೇಲೆ ಎಲ್ಲವನ್ನೂ ಕಲಸಿ ಮತ್ತೆ ಬೇರೆ ಮಾಡಿದೆ. ಈ ಸಲ ಕೇಳಿದ ಪ್ರಶ್ನೆ ಒಂದೇ: ಇಲ್ಲಿ ‘ರನ್’ ಆಗುತ್ತಿರುವುದು ಏನು? ನೀರೋ, ಯಂತ್ರವೋ, ಅಂಗಡಿಯೋ, ಮೂಗೋ, ರಸ್ತೆಯೋ, ಗಡುವೋ? ಹೀಗೆ ವಿಂಗಡಿಸಿದ ಮೇಲೆ ಕನ್ನಡ ತಾನಾಗಿ ಮುಂದೆ ಬಂತು. ನಮ್ಮ ಭಾಷೆಯಲ್ಲಿ ಕರ್ತೃವೇ ತನ್ನ ಕ್ರಿಯಾಪದವನ್ನು ಕರೆದುಕೊಳ್ಳುತ್ತದೆ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ರೈಲು ಸಂಚರಿಸುತ್ತದೆ, ರಸ್ತೆ ಕೆರೆಯ ಏರಿಯುದ್ದಕ್ಕೂ ಸಾಗುತ್ತದೆ. ಇವಕ್ಕೆಲ್ಲ ಇಂಗ್ಲಿಷ್ ಒಂದೇ ಪದ ಹಾಕುತ್ತದೆ.

ಎಲ್ಲಕ್ಕಿಂತ ದಪ್ಪವಾಗಿ ಬೆಳೆದದ್ದು ನೀರಿನ ಚೀಟಿಗಳ ಕಟ್ಟು. ಅದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲ ರೂಪಕ್ಕೆ ಓಡು ಎಂಬುದರ ಜೊತೆಗೇ ಹರಿ ಎಂಬ ಅರ್ಥವೂ ಇತ್ತು. ಅದರ ನೆಂಟ ಪದವಾದ ಜರ್ಮನ್ ‘ರಿನ್ನೆನ್’ ಇಂದಿಗೂ ಹರಿಯುವುದನ್ನೇ ಹೇಳುತ್ತದೆ. ಇದನ್ನು ಓದಿದ ದಿನ ನನಗೆ ಹಳಗನ್ನಡದ ‘ಪರಿ’ ನೆನಪಾಯಿತು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪರಿ ನಮ್ಮ ಬಾಯಲ್ಲಿ ಹರಿ ಆಗಿದೆ. ಹಳಗನ್ನಡದ ಪರಿ ಎಂದರೆ ಹರಿಯುವುದೂ ಹೌದು, ಓಡುವುದೂ ಹೌದು. ಸಂಬಂಧವೇ ಇಲ್ಲದ ಎರಡು ಭಾಷೆಗಳಲ್ಲಿ ಓಟವೂ ಹರಿವೂ ಒಂದೇ ಪದದೊಳಗೆ ಕುಳಿತಿವೆ!

ಅಂದಿನಿಂದ ‘ರನ್’ ಕಂಡಾಗ ನಾನು ಮೊದಲು ನೆನೆಯುವುದು ಓಡು ಅಲ್ಲ, ಹರಿ. ಎಷ್ಟು ಚೀಟಿಗಳು ಇದರಿಂದ ಬಿಡಿಸಿಕೊಂಡವು ಎಂದರೆ ನನಗೇ ಬೆರಗಾಯಿತು. ಪತ್ರವೊಂದರ ಮೇಲೆ ಕಣ್ಣನ್ನು ‘ರನ್’ ಮಾಡಿದ ಎಂದು ಅವರು ಬರೆದರೆ ನಾವು ದೃಷ್ಟಿ ಹರಿಸಿದ ಎನ್ನುತ್ತೇವೆ. ಲಾರಿ ಯಾರನ್ನೋ ‘ರನ್ ಓವರ್’ ಮಾಡಿತು ಎಂಬಲ್ಲಿ ನಮ್ಮ ಪತ್ರಿಕೆಗಳು ‘ಮೈಮೇಲೆ ಲಾರಿ ಹರಿದು’ ಎಂದು ಬರೆಯುತ್ತವೆ. ಬೆನ್ನಿನಲ್ಲಿ ಚಳಿ ‘ರನ್’ ಆದರೆ ಅದೂ ಹರಿಯುವುದೇ. ಹಾವು ಹರಿದಾಡುತ್ತದೆ, ಬೆಳಕು ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ಅಮೆರಿಕದವರು ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೆ ಸೀಳಿದ್ದನ್ನೂ ‘ರನ್’ ಎನ್ನುತ್ತಾರೆ. ನಾವು ಹರಿದಿದೆ ಎನ್ನುತ್ತೇವೆ.

ಅಂಗಡಿಯ ಕಟ್ಟಿನಲ್ಲಿ ಇನ್ನೊಂದು ಸಂಗತಿ ಕಂಡಿತು. ಇಂಗ್ಲಿಷಿನವರು ಅಂಗಡಿ, ಶಾಲೆ, ಸರ್ಕಾರ ಎಲ್ಲವನ್ನೂ ‘ರನ್’ ಮಾಡುತ್ತಾರೆ, ಅಂದರೆ ಓಡಿಸುತ್ತಾರೆ. ನಾವು ನಡೆಸುತ್ತೇವೆ. ನಮ್ಮಲ್ಲಿ ಮದುವೆ ನಡೆಯುತ್ತದೆ, ಸಭೆ ನಡೆಯುತ್ತದೆ, ಜೀವನವೂ ಹೇಗೋ ನಡೆಯುತ್ತದೆ. ನಡಿಗೆಯೇ ನಮ್ಮ ಅಳತೆ. ಚುನಾವಣೆಯ ವಿಷಯ ಇನ್ನೂ ಚೆಂದ. ಅಮೆರಿಕದ ಅಭ್ಯರ್ಥಿ ಹುದ್ದೆಗಾಗಿ ‘ರನ್’ ಮಾಡುತ್ತಾನೆ. ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ, ನಮ್ಮವನೂ ಚುನಾವಣೆಗೆ ನಿಲ್ಲುತ್ತಾನೆ. ಇಲ್ಲಿ ‘ರನ್’ ಪದಕ್ಕೆ ಸರಿಯಾದ ಕನ್ನಡವೆಂದರೆ ನಿಲ್ಲು! ಚೀಟಿಗಳನ್ನು ಕರ್ತೃವಿನ ಮೇಲೆ ಜೋಡಿಸದೆ ಇದ್ದಿದ್ದರೆ ಇಂಥ ಅನುವಾದಕ್ಕೆ ನನಗೆ ಧೈರ್ಯ ಬರುತ್ತಿರಲಿಲ್ಲ.

ಓಡು ಎಂಬುದನ್ನು ಪೂರ್ತಿ ಬಿಟ್ಟೆ ಎಂದಲ್ಲ. ಮೆಕ್ಯಾನಿಕ್ ಹೇಳಿದಂತೆ ಮೋಟರ್ ಓಡುತ್ತದೆ. ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಹಸಿದಾಗ ತಲೆ ಓಡುವುದಿಲ್ಲ. ಅಲ್ಲೆಲ್ಲ ಎರಡೂ ಭಾಷೆ ಹತ್ತಿರ ಬರುತ್ತವೆ, ತೊಂದರೆಯಿಲ್ಲ.

ಮೈಗೆ ಸಂಬಂಧಿಸಿದ ಚೀಟಿಗಳ ಕಟ್ಟು ತೆಳುವಾದದ್ದು, ಆದರೆ ಅತಿ ಎಚ್ಚರ ಬೇಕಾದದ್ದು ಅಲ್ಲೇ. ಜ್ವರ ‘ರನ್’ ಆಗುವುದೆಂದರೆ ಜ್ವರ ಬಂದಿರುವುದು. ಒಂದು ಕಾಯಿಲೆ ಮನೆತನದಲ್ಲಿ ‘ರನ್’ ಆಗುತ್ತದೆ ಎಂದರೆ ವಂಶದಲ್ಲಿ ಬಂದಿದೆ ಎಂದರ್ಥ. ಬಹುವಚನದಲ್ಲಿ ‘ದ ರನ್ಸ್’ ಎಂದರೆ ಭೇದಿ. ಒಮ್ಮೆ ಕೈತೊಳೆಯುವ ಕ್ರಮದ ಬಗ್ಗೆ ಒಂದು ಕರಪತ್ರ ಬಂತು. ಸೋಪು ಹಚ್ಚಿ ‘ರನ್ನಿಂಗ್ ವಾಟರ್’ ಕೆಳಗೆ ತೊಳೆಯಿರಿ ಎಂದಿತ್ತು. ಹರಿ ಎಂಬ ಪದ ಕೈಗೆ ಸಿಕ್ಕಿತ್ತಲ್ಲ, ಭರವಸೆಯಿಂದ ‘ಹರಿಯುವ ನೀರಿನಲ್ಲಿ’ ಎಂದು ಬರೆದೆ. ಕರಪತ್ರ ಓದಿದ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು: “ಅಣ್ಣ, ನಮ್ಮೂರಿನ ಹಳ್ಳ ಸಂಕ್ರಾಂತಿ ಕಳೆದರೆ ಹರಿಯುವುದಿಲ್ಲ. ಆಮೇಲೆ ಎಲ್ಲಿ ತೊಳೆಯಬೇಕು ಎಂದು ಹೇಳಲಿ?”

ಅವರ ಪ್ರಶ್ನೆ ನ್ಯಾಯವಾದದ್ದು. ಹರಿಯುವ ನೀರು ಎಂದರೆ ಕನ್ನಡದ ಕಿವಿಗೆ ಹಳ್ಳ, ಹೊಳೆ, ಕಾಲುವೆ. ಇಂಗ್ಲಿಷಿನ ಆ ಮಾತಿಗೆ ನಗರದ ನಲ್ಲಿ ಹಿನ್ನೆಲೆಯಾಗಿದೆ. ಬೇಕಾಗಿದ್ದುದು ಪಾತ್ರೆಯಲ್ಲಿ ನಿಂತ ನೀರಿನಲ್ಲಿ ಕೈ ಅದ್ದಬಾರದು ಎಂಬ ತಿಳಿವಳಿಕೆ. ಮರುಮುದ್ರಣದಲ್ಲಿ ‘ನಲ್ಲಿಯ ಕೆಳಗೆ ಹಿಡಿದು, ಇಲ್ಲವೇ ಚೊಂಬಿನಿಂದ ನೀರು ಸುರಿಸಿಕೊಂಡು ತೊಳೆಯಿರಿ’ ಎಂದು ತಿದ್ದಿದೆ. ಪದ ಸರಿಯಿದ್ದೂ ವಾಕ್ಯ ತಪ್ಪಬಹುದು ಎಂದು ಕಲಿಸಿದವರು ಅವರು. ಅಂದಿನಿಂದ ಪ್ರತಿ ಚೀಟಿಯ ಮೂಲೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯುತ್ತೇನೆ: ಇದನ್ನು ಯಾರು ಓದುತ್ತಾರೆ?

‘ರನ್’ ಹಿಂದೆ ಬರುವ ಪುಟ್ಟ ಪದಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವುಗಳನ್ನು ಪೂರ್ತಿ ಹೊಸ ಪದವೆಂದೇ ಎಣಿಸಿ ಬಾಯಿಪಾಠ ಮಾಡಬೇಕು. ಅಡುಗೆಮನೆಯಲ್ಲಿ ಉಪ್ಪು ‘ರನ್ ಔಟ್’ ಆದರೆ ಮುಗಿದಿದೆ. ಕ್ರಿಕೆಟ್‌ನಲ್ಲಿ ಆದರೆ ಬ್ಯಾಟುಗಾರ ಪೆವಿಲಿಯನ್‌ಗೆ ಹೋಗುತ್ತಾನೆ. ಗೆಳೆಯನನ್ನು ‘ರನ್ ಇನ್‌ಟು’ ಮಾಡಿದೆ ಎಂದರೆ ಅವನು ಅಕಸ್ಮಾತ್ ಎದುರಾದ. ಗೋಡೆಯನ್ನು ‘ರನ್ ಇನ್‌ಟು’ ಮಾಡಿದೆ ಎಂದರೆ ಹೋಗಿ ಗುದ್ದಿದೆ.

ಕ್ರಿಕೆಟ್‌ನ ರನ್‌ಗೆ ನಾನು ಕೈ ಹಚ್ಚುವುದಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಕೋಲಿನ ಮೇಲೆ ಕಚ್ಚು ಹಾಕಿ ಲೆಕ್ಕ ಇಡುತ್ತಿದ್ದಾಗ ಅದನ್ನು ‘ನಾಚ್’, ಅಂದರೆ ಕಚ್ಚು, ಎಂದೇ ಕರೆಯುತ್ತಿದ್ದರು. ಓಟ ಎಂದು ಬರೆದರೆ ಕನ್ನಡದಲ್ಲಿ ಅರ್ಥವಾಗುತ್ತದೆ ನಿಜ. ಆದರೆ ಚೆಂಡು ಬೌಂಡರಿ ದಾಟಿದಾಗ ಯಾರೂ ಓಡಬೇಕಿಲ್ಲ, ನಾಲ್ಕು ರನ್ ಬಂದುಬಿಡುತ್ತದೆ. ಹಳ್ಳಿಯ ಮಕ್ಕಳ ಬಾಯಲ್ಲೂ ಅದು ರನ್ನೇ. ಅದು ಕನ್ನಡದ ಪದವಾಗಿ ಎಷ್ಟೋ ಕಾಲವಾಗಿದೆ.

ಬ್ಯಾಂಕಿನ ಚೀಟಿ ಬಹಳ ದಿನ ಕಾಡಿತು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಹಣ ಹಿಂದಕ್ಕೆ ಪಡೆಯಲು ಜನ ಉದ್ದುದ್ದ ಸಾಲಿನಲ್ಲಿ ನಿಂತಿದ್ದರು. ಅದನ್ನು ಇಂಗ್ಲಿಷಿನಲ್ಲಿ ಬ್ಯಾಂಕಿನ ಮೇಲಿನ ‘ರನ್’ ಎನ್ನುತ್ತಾರೆ. ಆ ಸಾಲುಗಳ ಚಿತ್ರದಲ್ಲಿ ಯಾರೂ ಓಡುತ್ತಿಲ್ಲ, ಎಲ್ಲರೂ ನಿಂತಿದ್ದಾರೆ. ದಾಳಿ, ಧಾವಂತ, ನೂಕುನುಗ್ಗಲು ಎಂದೆಲ್ಲ ಬರೆದು ಹೊಡೆದುಹಾಕಿದ್ದೆ. ಒಂದು ದಿನ ಸೊಸೈಟಿಯ ಮುಂದೆ ಗೊಬ್ಬರಕ್ಕಾಗಿ ಸಾಲು ನಿಂತಿದ್ದವರನ್ನು ನೋಡಿ ನಮ್ಮ ತಾಯಿ, “ಏನಪ್ಪಾ, ಜನ ಹೀಗೆ ಮುಗಿಬಿದ್ದಿದ್ದಾರೆ” ಎಂದರು. ಮನೆಗೆ ಬಂದು ಚೀಟಿಯ ಮೇಲೆ ಅದನ್ನೇ ಬರೆದೆ: ಠೇವಣಿದಾರರು ಹಣಕ್ಕಾಗಿ ಮುಗಿಬಿದ್ದರು.

ಕೆಲವು ಕಡೆ ಕ್ರಿಯಾಪದವೇ ಬೇಡ. ಒಂದು ಪುಸ್ತಕದ ‘ಪ್ರಿಂಟ್ ರನ್’ ಎಷ್ಟು ಎಂಬುದಕ್ಕೆ ನಮ್ಮ ಪ್ರಕಾಶಕರು ಒಳಪುಟದಲ್ಲಿ ‘ಪ್ರತಿಗಳು: 1000’ ಎಂದು ಅಚ್ಚು ಹಾಕುತ್ತಾರೆ. ಅಷ್ಟು ಸಾಕು.

ಪಂಪ್ ಕೈಪಿಡಿಯಲ್ಲಿ ಕೊನೆಗೆ ಅಚ್ಚಾದದ್ದು ‘ಬಾವಿಯಲ್ಲಿ ನೀರು ಇಲ್ಲದಿರುವಾಗ ಮೋಟರ್ ಖಾಲಿ ಓಡಬಾರದು’ ಎಂಬ ವಾಕ್ಯ. ಅದು ನನ್ನ ಅನುವಾದವಲ್ಲ, ಆ ಮೆಕ್ಯಾನಿಕ್ ಅವರದು.

ಈಗ ನನ್ನ ಡಬ್ಬಿಯಲ್ಲಿ ಮುನ್ನೂರಕ್ಕೂ ಹೆಚ್ಚು ಚೀಟಿಗಳಿವೆ. ಮೇಜಿನ ಮೇಲೆ ಇನ್ನೂ ಡಬ್ಬಿ ಸೇರದ ಒಂದಿದೆ. ಎಂಟನೆಯ ತರಗತಿಯ ಮಕ್ಕಳಿಗಾಗಿ ಕನ್ನಡದಲ್ಲಿ ಕಂಪ್ಯೂಟರ್ ಪಾಠ ಬರೆಯುತ್ತಿದ್ದೇನೆ. ತಾವು ಬರೆದ ಪ್ರೋಗ್ರಾಮನ್ನು ಅವರು ‘ರನ್’ ಮಾಡಬೇಕು. ಚಲಾಯಿಸು ಎಂದರೆ ಮತವೂ ಅಧಿಕಾರವೂ ನೆನಪಾಗುತ್ತವೆ. ನಡೆಸು ಎಂದರೆ ಮಕ್ಕಳಿಗೆ ಸಪ್ಪೆ. ಓಡಿಸು ಎಂದರೆ ಅವರ ಕಣ್ಣು ಅರಳುತ್ತದೆ, ಆದರೆ ಕೆಲವು ಶಿಕ್ಷಕರು ಒಪ್ಪುವುದಿಲ್ಲ. ಮೂರನ್ನೂ ಬರೆದು ಮೂರು ಶಾಲೆಗಳಿಗೆ ಕಳುಹಿಸಿದ್ದೇನೆ. ಯಾವ ಪದವನ್ನು ಮಕ್ಕಳು ಕೇಳದೆಯೇ ಬಳಸುತ್ತಾರೆ ಎಂದು ಗಮನಿಸಿ ತಿಳಿಸಲು ಶಿಕ್ಷಕರನ್ನು ಕೋರಿದ್ದೇನೆ.