ಪ್ರೊವಾಂನಲ್ಲಿ ಮನೆ ಹಿಡಿಯುವ ಮುನ್ನ

ಪ್ಯಾರಿಸಿನ ಬಾಡಿಗೆ ಕೇಳಿ ಕಂಗಾಲಾದವರ ಕಣ್ಣು ಒಂದಲ್ಲ ಒಂದು ದಿನ ರೈಲಿನಲ್ಲಿ ಹೋಗಿಬರಬಹುದಾದ ಹಳೆಯ ಊರು ಪ್ರೊವಾಂ ಮೇಲೆ ಬೀಳುತ್ತದೆ. ಹೆಸರಿನ ಕೊನೆಯ ಎಸ್ ಉಚ್ಚರಿಸಬೇಡಿ, ದಕ್ಷಿಣದ ಪ್ರೊವಾನ್ಸ್ ಅಂದುಕೊಂಡಾರು. ಹನ್ನೆರಡು-ಹದಿಮೂರನೇ ಶತಮಾನದಲ್ಲಿ ಶಾಂಪೇನ್ ಪ್ರಾಂತದ ದೊಡ್ಡ ಜಾತ್ರೆಗಳು ನೆರೆಯುತ್ತಿದ್ದ ಊರು ಇದು. ಆ ಕಾರಣಕ್ಕೇ 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ರೈಲು ಪ್ಯಾರಿಸಿನ ಗಾರ್ ದ ಲೆಸ್ತ್ ನಿಲ್ದಾಣದಿಂದ, ಪಿ ಲೈನ್. ಸುಮಾರು ಒಂದೂವರೆ ತಾಸು, ಸಾಧಾರಣವಾಗಿ ಗಂಟೆಗೊಂದು. ಒಂದು ತಪ್ಪಿದರೆ ಗಂಟೆ ಹೋಯಿತು ಅಂತಲೇ ಲೆಕ್ಕ ಹಾಕಿ. ಪ್ಯಾರಿಸಿನಲ್ಲಿ ರಾತ್ರಿ ಊಟಕ್ಕೆ ಕೂರುವ ಮೊದಲು ಕೊನೆಯ ರೈಲಿನ ಹೊತ್ತು ನೋಡಿಕೊಳ್ಳಿ. ಊರು ಟಿಕೆಟ್ ಲೆಕ್ಕದ ಕಟ್ಟಕಡೆಯ ವಲಯ 5ರಲ್ಲಿದ್ದರೂ ಪ್ಯಾರಿಸ್ ಸುತ್ತಿನ ರೈಲು, ಮೆಟ್ರೋ, ಬಸ್ಸಿಗೆ ಸಲ್ಲುವ ತಿಂಗಳ ನಾವಿಗೊ ಪಾಸ್ ಇಲ್ಲಿವರೆಗೂ ನಡೆಯುತ್ತದೆ (2025ರಲ್ಲಿ 88.80 ಯೂರೋ). ಅರ್ಧ ದುಡ್ಡನ್ನು ನೀವು ಕೆಲಸ ಮಾಡುವ ಕಂಪನಿ ಕೊಡಲೇಬೇಕು, ಕೇಳಿ ತೆಗೆದುಕೊಳ್ಳಿ. ಹೊಸಬರು ಎಡವುವುದು ತಾರೀಖಿನಲ್ಲಿ. ತಿಂಗಳ ಪಾಸ್ ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ, ವಾರದ್ದು ಸೋಮವಾರದಿಂದ ಭಾನುವಾರಕ್ಕೆ. 18ರಂದು ತಿಂಗಳ ಪಾಸ್ ಹಾಕಿಸಿದರೆ ಹದಿನೇಳು ದಿನ ನೀರಿಗೆ ಹೋಮ.

ಊರು ಎರಡು ಭಾಗ. ನಿಲ್ದಾಣ, ಅಂಗಡಿ, ಶನಿವಾರ ಬೆಳಗಿನ ಸಂತೆ ಎಲ್ಲ ಕೆಳಗಿನ ವಿಲ್ ಬಾಸ್‌ನಲ್ಲಿ. ತೂರ್ ಸೆಜಾರ್ ಗೋಪುರ, ಸೇಂಟ್ ಕಿರಿಯಾಸ್ ಚರ್ಚು, ಕೋಟೆಗೋಡೆ ಗುಡ್ಡದ ಮೇಲಿನ ವಿಲ್ ಓತ್‌ನಲ್ಲಿ. ಚಿತ್ರ ನೋಡಿ ಮೇಲಿನ ಮನೆಗೆ ಮರುಳಾಗುವವರೇ ಹೆಚ್ಚು. ಒಮ್ಮೆ ನಿಲ್ದಾಣದಿಂದ ಅಲ್ಲಿಗೆ ಎರಡು ಸೂಟ್‌ಕೇಸ್ ಎಳೆದು ನೋಡಿ: ಏರು ದಾರಿ, ಮೇಲೆ ಕಲ್ಲುಹಾಸು, ಚಕ್ರ ಕಿತ್ತು ಬರುತ್ತದೆ. ಜೂನ್‌ನ ಮಧ್ಯಯುಗದ ಉತ್ಸವಕ್ಕೆ ಜನ ಕಿಕ್ಕಿರಿಯುವಾಗ ಕಾರು ಹೊರಗೆ ತೆಗೆಯುವ ಮಾತೇ ಇಲ್ಲ. ಮಕ್ಕಳಿದ್ದರೆ, ದಿನಾ ಪ್ಯಾರಿಸಿಗೆ ಓಡಾಟವಿದ್ದರೆ ಕೆಳಗೇ ಇರಿ.

ಮನೆಯದ್ದು ದೊಡ್ಡ ವಿಷಯ. ಹಳೆಯ ಸುಣ್ಣಕಲ್ಲಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಯಾರಾದರೂ ಸಿಮೆಂಟು ಮೆತ್ತಿದ್ದರೆ ಬಿಡುವ ದಾರಿ ಮುಚ್ಚಿತು. ನೆಲದಿಂದ ಮೊಳದೆತ್ತರದಲ್ಲಿ ಬಣ್ಣ ಉಬ್ಬಿ, ಒತ್ತಿದರೆ ಪುಡಿ ಉದುರುತ್ತದೆ. ಮನೆ ನೋಡಲು ಹೋದಾಗ ಬೀರುವಿನ ಹಿಂದೆ, ಕಿಟಕಿಯ ಕೆಳಮೂಲೆಯಲ್ಲಿ ಕೈಯಾಡಿಸಿ. ಹೊಸದಾಗಿ ಬಣ್ಣ ಬಳಿದ ಒಂದೇ ಗೋಡೆ ಕಂಡರೆ ಅನುಮಾನ ಪಡಿ. ನಮ್ಮ ಅಡುಗೆ ಈ ತೇವಕ್ಕೆ ಇನ್ನಷ್ಟು ಸೇರಿಸುತ್ತದೆ: ಕುಕ್ಕರಿನ ಹಬೆ, ಒಗ್ಗರಣೆಯ ಜಿಡ್ಡು, ಚಳಿಗೆ ಒಳಗೇ ಒಣಹಾಕಿದ ಬಟ್ಟೆ. ಜನವರಿ ಹೊತ್ತಿಗೆ ಮೂಲೆಯಲ್ಲಿ ಕಪ್ಪು ಬೂಷ್ಟು. ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಗಾಳಿ ಹೀರುವ ಜಾಲರಿಗೆ ಕಾಗದ ಅಂಟಿಸಬೇಡಿ. ನೆಲಮಾಳಿಗೆ ಇದ್ದರೆ ಅಕ್ಕಿ ಮೂಟೆ ಅಲ್ಲಿಡಬೇಡಿ. ಜಾತ್ರೆಯ ವರ್ತಕರು ಸರಕು ತುಂಬುತ್ತಿದ್ದ ಕಮಾನಿನ ಕೋಣೆಗಳು ಅಂದದ್ದೇನೋ ಸರಿ, ನಮ್ಮ ಸೋನಾ ಮಸೂರಿಗೆ ಅಲ್ಲ.

ಬೀಗದ ಕೈ ಪಡೆಯುವ ದಿನ ಬರೆಯುವ ಎತಾ ದೆ ಲ್ಯೂ, ಅಂದರೆ ಮನೆ ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯಲ್ಲಿ ಪ್ರತಿ ಕಲೆಯೂ ಇರಬೇಕು, ಇಲ್ಲದಿದ್ದರೆ ಹೋಗುವಾಗ ಠೇವಣಿಗೆ ಕತ್ತರಿ. ಬಿಟ್ಟುಹೋದದ್ದನ್ನು 10 ದಿನದೊಳಗೆ ಸೇರಿಸಲು ಕೇಳಬಹುದು. ಹೀಟರಿನ ವಿಷಯಕ್ಕೆ ಚಳಿಗಾಲದ ಮೊದಲ ತಿಂಗಳವರೆಗೂ ಅವಕಾಶವಿದೆ. ಬೇಸಿಗೆಯಲ್ಲಿ ಬಂದವರು ಇದನ್ನು ಮರೆಯುತ್ತಾರೆ. ಠೇವಣಿ ಖಾಲಿ ಮನೆಗೆ ಒಂದು ತಿಂಗಳ ಬಾಡಿಗೆ, ಸಾಮಾನಿರುವ ಮನೆಗೆ ಹೆಚ್ಚೆಂದರೆ ಎರಡು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು ಇಲ್ಲಿಲ್ಲ. ಶಕ್ತಿ ಬಳಕೆಯ ದರ್ಜೆ ಜಿ (ಎಲ್ಲಕ್ಕಿಂತ ಕೆಳಗಿನದು) ಇರುವ ಮನೆಯನ್ನು 2025ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಗೋಡೆಗೆ ಡಿಶ್, ಎಸಿ ಪೆಟ್ಟಿಗೆ ಸಿಕ್ಕಿಸುವ ಮುನ್ನ ಮಾಲೀಕರ ಒಪ್ಪಿಗೆಯ ಜೊತೆಗೆ ಪುರಸಭೆಗೂ ಅರ್ಜಿ ಹಾಕಬೇಕು. ಸ್ಮಾರಕಗಳ ಆಸುಪಾಸಿನಲ್ಲಿ ಸರ್ಕಾರಿ ಪರಂಪರೆ ವಾಸ್ತುಶಿಲ್ಪಿಯೂ ನೋಡುತ್ತಾರೆ, ಕಿಟಕಿ ಬಾಗಿಲಿನ ಬಣ್ಣವನ್ನೂ ಬಿಡುವುದಿಲ್ಲ.

ದೀರ್ಘಾವಧಿ ವೀಸಾವನ್ನು ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಲು ಫ್ರಾನ್ಸಿಗೆ ಬಂದ ದಿನದಿಂದ 3 ತಿಂಗಳ ಗಡುವು. ಮನೆ ವಿಮೆ ಬಾಡಿಗೆದಾರರಿಗೆ ಕಡ್ಡಾಯ.

ದಿನಸಿಗೆ ಪ್ಯಾರಿಸಿನ ಲಾ ಶಪೆಲ್ ಬಡಾವಣೆ ಇದೆ, ಗಾರ್ ದ ಲೆಸ್ತ್‌ನಿಂದ ಕಾಲು ಗಂಟೆ ನಡಿಗೆ. ತೊಗರಿಬೇಳೆ, ಹುಣಸೆ, ಕರಿಬೇವು ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ. ಸಾಂಬಾರು ಪುಡಿ ಊರಿಂದಲೇ ತನ್ನಿ. ಪ್ರೊವಾಂನಲ್ಲಿ ಸಿಗುವ ಗುಲಾಬಿ ಜ್ಯಾಮ್ ನಮ್ಮ ಗುಲ್ಕನ್‌ನ ತಂಗಿ, ಸಿಹಿ ಒಂದಿಷ್ಟು ಜಾಸ್ತಿ. ಕರಿಬೇವು ತಂದ ದಿನವೇ ತೊಳೆದು, ಬಟ್ಟೆಯಲ್ಲಿ ಪೂರ್ತಿ ಒಣಗಿಸಿ ಫ್ರೀಜರಿಗೆ ಹಾಕಿ. ಒದ್ದೆ ಹಾಕಿದರೆ ಮಂಜುಗಡ್ಡೆಯ ಮುದ್ದೆ.